ಉಸಿರಿನ ದಾರಿಯ ಒಳವೈದ್ಯ

ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪದ ಅಕ್ಕಿಯ ಗಿರಣಿಗಳ ಸುತ್ತ ಹೊಟ್ಟಿನ ಧೂಳು ಕವಿದಿರುವುದು. ಕುರುಗೋಡಿನ ಕಡೆಯ ಹೊಲಗಳಲ್ಲಿ ಮೆಣಸಿನಕಾಯಿಯ ಘಾಟೂ ಸುಡುವ ಹುಲ್ಲಿನ ಹೊಗೆಯೂ ಗಾಳಿಯನ್ನು ಸೇರುವುವು. ಬಳ್ಳಾರಿ ನಗರದಲ್ಲಿಯಾದರೋ, ಅದಿರಿನ ಲಾರಿಗಳೆಬ್ಬಿಸುವ ಕೆಂಧೂಳು ಹೊಸ್ತಿಲನ್ನು ದಾಟಿ ಒಳಕ್ಕೆ ಬರುವುದು. ಪ್ರಾಯದ ಮನುಷ್ಯನು ದಿನವೊಂದಕ್ಕೆ ಸುಮಾರು 10,000 ಲೀಟರಿನಷ್ಟು ಗಾಳಿಯನ್ನು ಒಳಗೆಳೆಯುತ್ತಾನೆ. ಹೀಗಿದ್ದೂ ನಮ್ಮ ಶ್ವಾಸಕೋಶಗಳು ವರುಷದೊಳಗಾಗಿ ಕೆಟ್ಟುಹೋಗದಿರುವುದು ಹೇಗೆ?

ಉಸಿರುಗೊಳವೆಯ ಒಳಮೈಯನ್ನು ಜೀವಕೋಶಗಳ ತೆಳುವಾದ ಹಾಸೊಂದು ಹೊದ್ದಿರುವುದು. ಅದರ ಮೇಲೆ ಒಂದು ರಸ. ರಸದ ಮೇಲೆ ಅಂಟಾದ ಲೋಳೆ. ಧೂಳು ಲೋಳೆಗೆ ಅಂಟಿಕೊಳ್ಳುವುದು. ಅತಿ ಸೂಕ್ಷ್ಮವಾದ ಕೂದಲುಗಳು ಸೆಕೆಂಡಿಗೆ ಹತ್ತಾರು ಸಲ ಬೀಸಿ ಅದನ್ನು ಗಂಟಲಿನ ಕಡೆಗೆ ನೂಕುವುವು. ಆದರೂ ಕೆಲವು ಕಣಗಳು ಹಾಸನ್ನು ಗಾಯಗೊಳಿಸುವುವು. ಅಲ್ಲಿಂದ ಮುಂದೆ ದುರಸ್ತಿಯ ಕಾರ್ಯವು ಆ ರಸದಲ್ಲಿಯೇ ಇರುವ ಕೆಲವು ದ್ರವ್ಯಗಳದು. ಇವನ್ನು ವೃದ್ಧಿಕಾರಕಗಳೆಂದು ಕರೆಯೋಣ.

ಇಂತಹ ಒಂದು ದ್ರವ್ಯವನ್ನು ಅಮೆರಿಕದ ಸ್ಟಾನ್ಲಿ ಕೊಹೆನ್ ಎಂಬ ವಿಜ್ಞಾನಿಯು ಇಲಿಯ ಜೊಲ್ಲುಗ್ರಂಥಿಯಿಂದ ಬೇರ್ಪಡಿಸಿ 1962ರಲ್ಲಿ ವರದಿಮಾಡಿದನು. ಅದನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ ಅವು ವಾಡಿಕೆಗಿಂತ ಮೊದಲೇ ಕಣ್ದೆರೆದುವು. ಚರ್ಮದ ಕೋಶಗಳು ಬೇಗನೆ ಬೆಳೆದುದೇ ಇದಕ್ಕೆ ಕಾರಣ. ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ವಿದುಷಿಯೊಡನೆ ಆತನಿಗೆ 1986ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ವೃದ್ಧಿಕಾರಕವು ಸದಾ ರಸದಲ್ಲಿರುವುದಾದರೆ ಜೀವಕೋಶಗಳು ಸದಾ ಬೆಳೆಯುತ್ತಿರಬೇಡವೆ? 2003ರಲ್ಲಿ ಐಯೊವಾ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಸೊಗಸಾದ ಉತ್ತರವನ್ನು ಕಂಡುಕೊಂಡರು. ಹೆರೆಗ್ಯುಲಿನ್ ಎಂಬ ವೃದ್ಧಿಕಾರಕವು ಹಾಸಿನ ಮೇಲಿನ ರಸದಲ್ಲಿದೆ. ಅದನ್ನು ಹಿಡಿಯತಕ್ಕ ಗ್ರಾಹಕವು ಕೋಶಗಳ ಪಕ್ಕದಲ್ಲಿಯೂ ಬುಡದಲ್ಲಿಯೂ ಇದೆ. ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದಿರುವವರೆಗೆ ಎರಡಕ್ಕೂ ಭೇಟಿಯಿಲ್ಲ. ತುಂಗಭದ್ರೆಯ ಕಾಲುವೆಯ ನೀರು ಏರಿಯ ಆಚೆಗಿರಲು, ಬೀಜವು ಈಚೆ ಒಣನೆಲದಲ್ಲಿದ್ದಂತೆ ಇದು. ಗಾಯವಾಗಿ ಏರಿಯೊಡೆದ ಕಡೆಯಲ್ಲಿ ಮಾತ್ರ ರಸವು ಗ್ರಾಹಕವನ್ನು ಮುಟ್ಟುವುದು. ಆ ಕ್ಷಣವೇ ದುರಸ್ತಿಯು ಆರಂಭವಾಗುವುದು. ನೆರೆಯ ಕೋಶಗಳು ಚಪ್ಪಟೆಯಾಗಿ ಹರಡಿ ಗಾಯವನ್ನು ಮುಚ್ಚುವುವು. ಬುಡದ ಕೋಶಗಳು ಹೆಚ್ಚಿ ಹೊಸ ಹಾಸನ್ನು ಕಟ್ಟುವುವು. ಗಾಯವು ಮುಚ್ಚಿತೆಂದರೆ ಭೇಟಿಯೂ ನಿಂತಿತು, ಬೆಳವಣಿಗೆಯೂ ನಿಂತಿತು.

ಆದರೆ ಈ ಒಳವೈದ್ಯನಿಗೆ ವಿರಾಮವು ಬೇಕು. ನಿನ್ನೆಯ ಗಾಯವು ಮಾಯುವ ಮುನ್ನ ಇಂದಿನ ಹೊಗೆ, ಅದು ಮಾಯುವ ಮುನ್ನ ನಾಳೆಯ ಧೂಳು ಎಂಬಂತಾದರೆ ದುರಸ್ತಿಯು ದಾರಿತಪ್ಪುವುದು. ಟಿ.ಜಿ.ಎಫ್. ಬೀಟಾ ಎಂಬ ಮತ್ತೊಂದು ಕಾರಕವು ಮೇಲುಗೈಯಾಗಿ, ಮೃದುವಾದ ಅಂಗಾಂಶದ ಸ್ಥಳದಲ್ಲಿ ಗಟ್ಟಿಯಾದ ನಾರು ಬೆಳೆಯುವುದು. ಕಲ್ಲಿನ ಧೂಳಿನಿಂದುಂಟಾಗುವ ಸಿಲಿಕೋಸಿಸ್ ರೋಗದಲ್ಲಿ ಹೀಗೆ ನಾರಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ವೃದ್ಧಿಕಾರಕವನ್ನು ಹೊರಗಿನಿಂದ ಕೊಟ್ಟರಾಗದೆ ಎಂದು ವಾಚಕರು ಕೇಳಬಹುದು. ಶ್ವಾಸಕೋಶವು ತೀವ್ರವಾಗಿ ಕೆಟ್ಟ ರೋಗಿಗಳಿಗೆ ಅಂತಹದೊಂದನ್ನು ಕೊಟ್ಟು ನೋಡಿದ ಬ್ರಿಟನ್ನಿನ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ಗುಣವು ಕಾಣಲಿಲ್ಲ, ಕೇಡಿನ ಶಂಕೆಯೇ ಉಂಟಾಯಿತು. ಆದುದರಿಂದ ಒಳವೈದ್ಯನಿಗೆ ಬಿಡುವು ಕೊಡುವುದೇ ನಮ್ಮ ಕೈಯಲ್ಲಿರುವ ಚಿಕಿತ್ಸೆ.

ಗೃಹಸ್ಥರು ಮಾಡತಕ್ಕುದು ಕಷ್ಟವಾದುದಲ್ಲ. ಕಸ ಗುಡಿಸುವ ಮುನ್ನ ನೀರು ಚಿಮುಕಿಸುವುದು, ಸೌದೆಯ ಒಲೆಯಿದ್ದರೆ ಹೊಗೆಗೂಡನ್ನು ಕಟ್ಟಿಸಿ, ಹಸುಗೂಸನ್ನು ಅದರ ಬಳಿ ಮಲಗಿಸದಿರುವುದು, ಗಿರಣಿಯಲ್ಲಿಯೂ ಗಣಿಯಲ್ಲಿಯೂ ದುಡಿಯುವವರು ಧೂಳನ್ನು ತಡೆಯುವ ಒಳ್ಳೆಯ ಮುಖಗವಸನ್ನು ತೊಡುವುದು, ಬೀಡಿಯನ್ನು ಬಿಡುವುದು. ಕೆಮ್ಮು ಎರಡು ವಾರಗಳಿಗೆ ಮೀರಿದರೆ ಧೂಳಿನದೆಂದು ಉಪೇಕ್ಷಿಸಲಾಗದು, ಅದು ಕ್ಷಯವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯು ಉಚಿತವಾಗಿ ನಡೆಯುವುದು. ಮನೆಯ ಹಿರಿಯರು ನಾಚಿಕೆಯಿಲ್ಲದೆ ಅಲ್ಲಿಗೆ ಹೋಗಲಿ, ಕಿರಿಯರು ಕರೆದೊಯ್ಯಲಿ.