‘ಆಯಿತು’ ಎಂಬುದರ ಹಲವು ಮುಖಗಳು

ಪ್ರಶ್ನೆ: ಕಂಬಂ ಕಣಿವೆಯ ಕನ್ನಡ ಮನೆತನದವನು ನಾನು. ಇಂಗ್ಲಿಷಿನ ಹ್ಯಾಪನ್, ಅಕ್ಕರ್, ಟೇಕ್ ಪ್ಲೇಸ್, ಬಿಫಾಲ್ ಇವೆಲ್ಲಕ್ಕೂ ‘ಆಗುವುದು’ ಎಂಬ ಒಂದೇ ಅರ್ಥವಲ್ಲವೇ?

ಉತ್ತರ: ಶತಮಾನಗಳ ಹಿಂದೆ ತೇನಿ, ದಿಂಡಿಗಲ್ ಸೀಮೆಗಳಲ್ಲಿ ನೆಲೆಸಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದ ಕಾಪ್ಪಿಲಿಯರ, ಅನುಪ್ಪರ ನಡುವಿನಿಂದ ಇಂತಹ ಪ್ರಶ್ನೆ ಹುಟ್ಟಿದುದು ಸಹಜವೇ ಸರಿ. ಅರ್ಥವು ಒಂದೇ ಆದರೂ ಧ್ವನಿಯು ಒಂದಲ್ಲ. ನಿಮ್ಮ ಗದ್ದೆಗಳಿಗೆ ನೀರುಣಿಸುವ ಮುಲ್ಲೈ ಪೆರಿಯಾರ್ ಅಣೆಕಟ್ಟನ್ನೇ ನೋಡಿ: 1886ರಲ್ಲಿ ತಿರುವಾಂಕೂರಿನೊಡನೆ ಆದ ಒಪ್ಪಂದವು ಮೊದಲೇ ನಿಶ್ಚಯಿಸಿದ ಕಾರ್ಯವಾದುದರಿಂದ ಅದಕ್ಕೆ ‘ಟೇಕ್ ಪ್ಲೇಸ್’, ನಮ್ಮ ‘ಜರುಗು’, ಒಪ್ಪುತ್ತದೆ, 1895ರಲ್ಲಿ ಕಟ್ಟೆ ಪೂರ್ಣಗೊಳ್ಳುವ ಮುನ್ನ ಪ್ರವಾಹವು ಕಾಮಗಾರಿಯನ್ನು ಕೊಚ್ಚಿಕೊಂಡು ಹೋದ ವಿಪತ್ತಾದರೋ ಅಲ್ಲಿ ದುಡಿಯುತ್ತಿದ್ದವರಿಗೆ ‘ಬಿಫಾಲ್’ ಆದದ್ದು, ಅಂದರೆ ಮೇಲೆ ಬಿದ್ದದ್ದು, ‘ಬಂದೊದಗಿತು’ ಎನ್ನುವೆವಲ್ಲವೇ? ‘ಹ್ಯಾಪನ್’ ಎಂಬುದರ ಮೂಲದಲ್ಲಿ ಅದೃಷ್ಟವೆಂಬ ಅರ್ಥದ ‘ಹ್ಯಾಪ್’ ಇದೆ. ‘ಹ್ಯಾಪಿ’ಯೂ ಅದರ ಸೋದರಿಯೇ. ‘ಅಕ್ಕರ್’ ಲ್ಯಾಟಿನ್ನಿನಲ್ಲಿ ಎದುರಿಗೆ ಓಡಿಬರುವುದು. ಆದುದರಿಂದ ವಿಚಾರವೊಂದು ಮನಸ್ಸಿಗೆ ಹೊಳೆದಾಗಲೂ ಅದೇ ಪದ. ‘ಟ್ರಾನ್ಸ್‌ಪೈರ್’ ಎಂಬುದೂ ಇದೇ ಗುಂಪಿನದು: ಮೊದಲು ಉಸಿರಿನಂತೆ ಸೂಸುವುದು, ಬಳಿಕ ಗುಟ್ಟು ಬಯಲಾಗುವುದು; ‘ನಡೆಯಿತು’ ಎಂಬ ಇಂದಿನ ಅರ್ಥವನ್ನು ಪಂಡಿತರು ಬಹುಕಾಲ ಹಳಿದರು, ಜನರು ಕೇಳಲಿಲ್ಲ. ನಮ್ಮ ‘ನಡೆ’ಯಲ್ಲಿ ಕಾಲಿದೆ, ‘ಜರುಗು’ವಿನಲ್ಲಿ ಸರಿಯುವಿಕೆಯಿದೆ. ಸಂಸ್ಕೃತದ ‘ಸಂಭವಿಸು’, ‘ಘಟಿಸು’ಗಳನ್ನು ವರದಿಗಾರರು ಅತಿಯಾಗಿ ಮೆರೆಸುತ್ತಾರೆಂಬುದು ನನ್ನ ಅಭಿಪ್ರಾಯ, ಮದುವೆಯು ಸಂಭವಿಸಿತೆಂದು ಬರೆದರೆ ಬೀಗರು ಮುನಿದಾರು.