ಚಕ್ರ ಸುತ್ತುತ್ತದೆ, ಗಾಡಿ ನಿಂತಿರುತ್ತದೆ

ಮಾವಿನ ಸುಗ್ಗಿ ಮುಗಿದ ಮೇಲೆ ಶ್ರೀನಿವಾಸಪುರದ ಮಂಡಿಗಳು ಬಿಕೋ ಎನ್ನುತ್ತವೆ. ಹೋದ ವರ್ಷ ಅಂಥದೊಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ನರಸಾಪುರದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ತಂದೆಗೆ ಮಾವಿನ ಮಂಡಿ ಇದೆ, ಎರಡು ಪಿಕಪ್ ಗಾಡಿಗಳಿವೆ. ಹುಡುಗ ಬೆಂಗಳೂರಿನಲ್ಲಿ ಹಳೆಯ ಕಾಂಟೆಸ್ಸಾ ಕಾರೊಂದನ್ನು ಕೊಂಡು, ಒಂದು ವರ್ಷದ ಸಂಬಳವನ್ನೆಲ್ಲ ಅದಕ್ಕೇ ಸುರಿದು ಓಡುವ ಸ್ಥಿತಿಗೆ ತಂದಿದ್ದ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಬಂದ ಕಾರಣ ಹೇಳಿದ.

"ಸಾರ್, ಬರ್ನ್‌ಔಟ್ ಮಾಡಬೇಕು. ಗಾಡಿಗೆ ಏನೂ ಆಗಬಾರದು. ಹೆಂಗೆ ಸಾರ್?"

ಬರ್ನ್‌ಔಟ್ ಎಂದರೆ ಏನೆಂದು ಸಿನಿಮಾ ನೋಡುವವರಿಗೆ ಗೊತ್ತು. ಕಾರು ನಿಂತಲ್ಲೇ ನಿಂತಿರುತ್ತದೆ. ಹಿಂದಿನ ಚಕ್ರಗಳು ಮಾತ್ರ ಗಿರಗಿರನೆ ಸುತ್ತಿ, ಟೈರಿನಿಂದ ಬಿಳಿ ಹೊಗೆ ಏಳುತ್ತದೆ. ಎಲ್ಲಿ ಮಾಡುತ್ತೀಯೆಂದು ಕೇಳಿದೆ. ತಂಗಿಯ ಮದುವೆಯ ದಿನ, ಛತ್ರದ ಎದುರಿನ ರಸ್ತೆಯಲ್ಲಂತೆ. ವಾಲಗದವರು, ನೆಂಟರು, ಮಕ್ಕಳು ಎಲ್ಲರೂ ಸುತ್ತ ನಿಂತಿರುತ್ತಾರಂತೆ.

ಬೈದು ಕಳಿಸಬಹುದಿತ್ತು. ಆದರೆ ಹಾಗೆ ಬೈಯುವ ಯೋಗ್ಯತೆ ನನಗಿರಲಿಲ್ಲ.

ಮಾವನ ಅಂಬಾಸಡರ್

1992ರ ಮಾತು. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದೆ. ಮುಳಬಾಗಿಲಿನಲ್ಲಿ ನನ್ನ ಸೋದರಮಾವ ಡೀಸೆಲ್ ಅಂಬಾಸಡರ್ ಇಟ್ಟುಕೊಂಡು ತಿರುಪತಿಗೆ ಬಾಡಿಗೆ ಹೊಡೆಯುತ್ತಿದ್ದರು. ಆರು ಜನರ ಸಂಸಾರ ಆ ಒಂದು ಕಾರಿನ ಮೇಲೆ ನಿಂತಿತ್ತು. ಅವರು ಮಧ್ಯಾಹ್ನ ಮಲಗಿದ್ದಾಗ ಕಾರನ್ನು ಬತ್ತಿದ ಕೆರೆಯಂಗಳಕ್ಕೆ ಒಯ್ದೆ. ಏರಿಯ ಮೇಲೆ ನಾಲ್ವರು ಗೆಳೆಯರು ಕುಳಿತಿದ್ದರು. ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಕಿರುಚುವಂತೆ ಆಕ್ಸಿಲರೇಟರ್ ತುಳಿದು, ಕ್ಲಚ್ಚನ್ನು ಮೆಲ್ಲಗೆ ಅರ್ಧ ಬಿಟ್ಟೆ. ಚಕ್ರ ಸುತ್ತಲಿಲ್ಲ. ಕಾರು ನಡುಗಿತು, ಕಾಲ ಬುಡದಿಂದ ಘಾಟು ವಾಸನೆ ಬಂತು. ಇನ್ನಷ್ಟು ತುಳಿದೆ.

ಮಾರನೆಯ ಬೆಳಗಿನ ಜಾವ ತಿರುಪತಿಗೆ ಹೊರಡಬೇಕಿದ್ದ ಕಾರು ಕದಲಲಿಲ್ಲ. ಎಂಜಿನ್ ಓಡುತ್ತಿತ್ತು, ಗೇರ್ ಬೀಳುತ್ತಿತ್ತು, ಚಕ್ರಕ್ಕೆ ಮಾತ್ರ ಶಕ್ತಿ ತಲುಪುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟುಹೋಗಿತ್ತು. ಮದುವೆ ಕಾಲದಲ್ಲಿ ಒಂದು ವಾರ ಬಾಡಿಗೆ ಹೋಯಿತು. ಮಾವ ಕೈಯೆತ್ತಲಿಲ್ಲ, ಕೂಗಾಡಲೂ ಇಲ್ಲ. "ಗಾಡಿಗೆ ಬಾಯಿಲ್ಲ ಕಣಪ್ಪ, ವಾಸನೆ ಬಿಟ್ಟು ಹೇಳುತ್ತೆ. ಆವಾಗ ಕೇಳಬೇಕು" ಎಂದಷ್ಟೇ ಅಂದರು. ಮೂರು ತಿಂಗಳ ಟ್ಯೂಷನ್ ಹಣ ಒಟ್ಟುಮಾಡಿ ಅವರ ಕೈಗಿಟ್ಟೆ. ಆದರೆ ತಪ್ಪಿದ್ದು ಎಲ್ಲಿ ಎಂಬುದು ಹೊಳೆದದ್ದು, ಮೇಷ್ಟ್ರಾಗಿ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವಾಗ.

ಎರಡು ಹಿಡಿತಗಳ ಜಗಳ

ಭಾರವಾದ ಪೆಟ್ಟಿಗೆಯನ್ನು ನೆಲದ ಮೇಲೆ ತಳ್ಳಿ ನೋಡಿ. ಕದಲಿಸುವುದು ಕಷ್ಟ, ಕದಲಿದ ಮೇಲೆ ಸ್ವಲ್ಪ ಸುಲಭ. ನಿಂತ ವಸ್ತುವನ್ನು ತಡೆಯುವುದು ಸ್ಥಿತ ಘರ್ಷಣೆ. ಜಾರುವ ವಸ್ತುವನ್ನು ತಡೆಯುವುದು ಜಾರು ಘರ್ಷಣೆ. ಸಾಮಾನ್ಯವಾಗಿ ಎರಡನೆಯದು ಕಡಿಮೆ. ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಭಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಆದ್ದರಿಂದಲೇ ಕಾರು ರಸ್ತೆಯನ್ನು ಹಿಡಿದು ಮುಂದೆ ಹೋಗುತ್ತದೆ.

ಗೇರ್ ಹಾಕಿ ಓಡಿಸುವ ಕಾರಿನಲ್ಲಿ ಇಂಥ ಹಿಡಿತ ಎರಡು ಕಡೆ ಇದೆ. ಒಂದು, ಟೈರಿಗೂ ರಸ್ತೆಗೂ ನಡುವೆ. ಇನ್ನೊಂದು, ಎಂಜಿನ್ನಿನ ಫ್ಲೈವೀಲಿಗೂ ಕ್ಲಚ್ ಪ್ಲೇಟಿಗೂ ನಡುವೆ. ಎಂಜಿನ್ನಿನ ಶಕ್ತಿ ಕ್ಲಚ್, ಗೇರ್ ಪೆಟ್ಟಿಗೆ, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ದಾಟಿ ಟೈರಿಗೆ ಬರುತ್ತದೆ. ಗಾಡಿಯನ್ನು ಮುಂದೆ ಹೋಗದಂತೆ ಹಿಡಿದು ಎಂಜಿನ್ ಓಡಿಸಿದರೆ ಎಲ್ಲಾದರೂ ಒಂದು ಕಡೆ ಜಾರಲೇಬೇಕು. ಎಲ್ಲಿ ಹಿಡಿತ ದುರ್ಬಲವೋ ಅಲ್ಲಿ ಜಾರುತ್ತದೆ. ಎಲ್ಲಿ ಜಾರುತ್ತದೋ ಅಲ್ಲಿ ಬಿಸಿಯಾಗುತ್ತದೆ.

ನಾನು ಮಾಡಿದ್ದು ಇದಕ್ಕೆ ತಲೆಕೆಳಗು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಸುತ್ತಬೇಕಾದ ಚಕ್ರವನ್ನೇ ಕಟ್ಟಿಹಾಕಿದ್ದೆ. ಅರ್ಧ ಬಿಟ್ಟ ಕ್ಲಚ್ ಎಂದರೆ ಅರ್ಧ ಹಿಡಿತ. 40 ಅಶ್ವಶಕ್ತಿಯೂ ಇಲ್ಲದ ಎಂಜಿನ್ನಿನ ದುಡಿಮೆಯೆಲ್ಲ ಅಂಗೈ ಅಗಲದ ಒಂದು ತಟ್ಟೆಯ ಮೇಲೆ ಶಾಖವಾಗಿ ಇಳಿಯಿತು.

ಎಷ್ಟು ಶಾಖ?

ಹಿಂದಿನ ಎರಡು ಚಕ್ರಗಳ ಮೇಲೆ 500 ಕಿಲೋ ಭಾರವಿದೆ, ಜಾರು ಘರ್ಷಣೆಯ ಗುಣಾಂಕ 0.6 ಎಂದಿಟ್ಟುಕೊಳ್ಳಿ. ಘರ್ಷಣೆಯ ಬಲ ಸುಮಾರು 3000 ನ್ಯೂಟನ್. ಟೈರು ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಜಾರಿದರೆ ಹುಟ್ಟುವ ಶಾಖ 30 ಕಿಲೋವಾಟ್. ನೀರು ಕಾಯಿಸುವ 1000 ವಾಟ್‌ನ 30 ಕಾಯಿಲ್‌ಗಳನ್ನು ಒಟ್ಟಿಗೆ ಹಾಕಿದಂತೆ. 10 ಸೆಕೆಂಡಿನಲ್ಲಿ ಒಂದು ಲೀಟರಿನಷ್ಟು ತಣ್ಣೀರು ಕುದಿಯಬಹುದು. ಅದೆಲ್ಲ ಟೈರಿನ ತೆಳ್ಳನೆಯ ಮೇಲ್ಪದರದಲ್ಲೇ ಹುಟ್ಟುವುದರಿಂದ ರಬ್ಬರ್ ಮೆದುವಾಗಿ, ಕಿತ್ತು, ಹೊಗೆಯಾಗುತ್ತದೆ.

30 ಕಿಲೋವಾಟ್ ಎಂದರೆ 40 ಅಶ್ವಶಕ್ತಿ. ಹಳೆಯ ಪ್ರೀಮಿಯರ್ ಪದ್ಮಿನಿಯ ಎಂಜಿನ್ನಿನ ಪೂರ್ಣ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಒಣ ಡಾಂಬರಿನ ಮೇಲೆ ಅಂಥ ಕಾರುಗಳಿಗೆ ಇದು ಹೇಳಿದ ಕೆಲಸವಲ್ಲ. ನೆಲ ಒದ್ದೆಯಾದರೆ ಘರ್ಷಣೆ ಗಣನೀಯವಾಗಿ ಇಳಿಯುತ್ತದೆ. ಅಷ್ಟೇ ಪಾಲು ಶ್ರಮವೂ ಇಳಿಯುತ್ತದೆ. ನೇರ ಓಟದ ಡ್ರ್ಯಾಗ್ ಸ್ಪರ್ಧೆಗಳಲ್ಲಿ ಹಿಂದಿನ ಟೈರನ್ನು ಮೊದಲು ನೀರಿನ ಮೇಲೆ ನಿಲ್ಲಿಸಿ ಸುತ್ತಿಸುವುದು ಇದಕ್ಕಾಗಿಯೇ. ಅಲ್ಲಿ ಉದ್ದೇಶ ಹೊಗೆಯಲ್ಲ. ಟೈರಿನ ಕಸ ತೆಗೆದು, ಬಿಸಿ ಮಾಡಿ, ಹಿಡಿತ ಹೆಚ್ಚಿಸಿಕೊಳ್ಳುವುದು.

ಗಾಡಿ ಉಳಿಯುವ ಕ್ರಮ

ಹುಡುಗನಿಗೆ ಹಾಳೆಯ ಮೇಲೆ ಚಿತ್ರ ಬರೆದು ಹೇಳಿದೆ. ಹಿಂದಿನ ಚಕ್ರದಡಿ ನೀರು, ಮುಂದಿನ ಚಕ್ರದಡಿ ಒಣ ನೆಲ. ಸ್ಟೀರಿಂಗ್ ನೇರ. ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗೆ. ಡಿಕ್ಕಿ ಖಾಲಿ. ಒಂದನೇ ಗೇರಿನಲ್ಲಿ ಎಂಜಿನ್ನಿನ ವೇಗವನ್ನು ಹದವಾಗಿ ಏರಿಸಿ, ಕ್ಲಚ್ಚನ್ನು ಒಂದೇ ಸಲಕ್ಕೆ ಪೂರ್ತಿ ಬಿಡಬೇಕು. ಆಗ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿ ಟೈರಿನ ಹಿಡಿತವನ್ನು ತಟ್ಟನೆ ಬಿಡಿಸುತ್ತದೆ. ಒಮ್ಮೆ ಜಾರಿದ ಮೇಲೆ ಜಾರಿಸುತ್ತಿರಲು ಅಷ್ಟು ಬಲ ಬೇಡ. ಕೂಡಲೇ ಎಡಗಾಲು ಬ್ರೇಕಿಗೆ ಹೋಗಿ, ಗಾಡಿ ಮುಂದೆ ಸರಿಯದಷ್ಟು ಮಾತ್ರ ಒತ್ತಬೇಕು. ಬ್ರೇಕ್ ಪೆಡಲ್ ನಾಲ್ಕೂ ಚಕ್ರಕ್ಕೆ ಸೇರಿದ್ದು. ಹೆಚ್ಚು ಒತ್ತಿದರೆ ಹಿಂದಿನ ಬ್ರೇಕ್ ಸುಡುತ್ತದೆ. ಸ್ಪರ್ಧೆಯ ಕಾರುಗಳಲ್ಲಿ ಮುಂದಿನ ಬ್ರೇಕಿನ ಒತ್ತಡವನ್ನಷ್ಟೇ ಹಿಡಿದಿಡುವ ವಿದ್ಯುತ್ ಕವಾಟ ಇರುತ್ತದೆ. ಅದಕ್ಕೆ ಲೈನ್ ಲಾಕ್ ಎನ್ನುತ್ತಾರೆ.

ನಾಲ್ಕು ಸೆಕೆಂಡು ಸಾಕು. ನಿಂತ ಕಾರಿನ ರೇಡಿಯೇಟರಿಗೆ ಎದುರುಗಾಳಿ ಇಲ್ಲ, ಎಂಜಿನ್ ಬೇಗ ಕಾಯುತ್ತದೆ. ನಿಲ್ಲಿಸುವಾಗ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಪೂರ್ತಿ ಒತ್ತಿ, ಚಕ್ರ ತಾನಾಗಿ ನಿಂತ ಮೇಲೆ ನ್ಯೂಟ್ರಲ್ ಮಾಡಿ, ಎಂಜಿನ್ ಸ್ವಲ್ಪ ಹೊತ್ತು ನಿಧಾನಗತಿಯಲ್ಲಿ ಓಡಬೇಕು. ದೊಡ್ಡ ಅಪಾಯ ಬೇರೆ ಇದೆ: ರಭಸದಿಂದ ಸುತ್ತುತ್ತಿರುವ ಒದ್ದೆ ಚಕ್ರ ಸರಿದು ಒಣ ನೆಲವನ್ನು ತಟ್ಟನೆ ಹಿಡಿದರೆ, ಆ ಪೆಟ್ಟೆಲ್ಲ ಆಕ್ಸಲ್ ಶಾಫ್ಟು, ಯು.ಜೆ. ಕ್ರಾಸು, ಕ್ರೌನ್ ಪಿನಿಯನ್ನಿಗೆ ಬೀಳುತ್ತದೆ. ಕಾಂಟೆಸ್ಸಾ ತಯಾರಿಕೆ ನಿಂತದ್ದು 2002ರಲ್ಲಿ. ಅದರ ಬಿಡಿಭಾಗ ಹುಡುಕುವ ಕಷ್ಟ ಅವನಿಗೇ ಗೊತ್ತಿತ್ತು.

"ಹಂಗಾದ್ರೆ ಏನೂ ಸವೆಯಲ್ಲ ಅಲ್ವಾ ಸಾರ್?" ಎಂದ. ಟೈರ್ ಸವೆಯುತ್ತದೆ ಕಣಯ್ಯ, ಎಂದೆ. ಶಾಖವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಅದು ಎಲ್ಲಿ ಹುಟ್ಟಬೇಕೆಂದು ಆರಿಸುವುದಷ್ಟೇ ನಮ್ಮ ಕೈಲಿದೆ.

ಒಂದೇ ಚಕ್ರ ಸುತ್ತಿದರೆ

ಇದು ಷೋಕಿಯವರಿಗಷ್ಟೇ ಬೇಕಾದ ವಿಷಯವಲ್ಲ. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳು ಕ್ರಮೇಣ ಮುಂದಿನ ಚಕ್ರದಿಂದ ಎಳೆಯುವಂಥವಾದವು. ಆದರೆ ಕೋಲಾರದ ಮಾರುಕಟ್ಟೆಗೆ ಟೊಮೆಟೊ ತರುವ ಪಿಕಪ್, ಊರೂರಿಗೆ ಹೋಗುವ ಬೊಲೆರೊ, ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಹಳೆಯ ಇನ್ನೋವಾ, ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ಓಮ್ನಿ — ಇವೆಲ್ಲ ಹಿಂದಿನ ಚಕ್ರದಿಂದಲೇ ದೂಡುವ ಗಾಡಿಗಳು. ಮಳೆ ಬಿದ್ದ ಕೆಮ್ಮಣ್ಣಿನ ತೋಟದ ದಾರಿಯಲ್ಲಿ ಇವು ಬೇಡವೆಂದರೂ ಬರ್ನ್‌ಔಟ್ ಮಾಡುತ್ತವೆ.

ಆಗ ಹೆಚ್ಚಾಗಿ ಒಂದೇ ಚಕ್ರ ಸುತ್ತುವುದನ್ನು ನೀವೂ ನೋಡಿರಬಹುದು. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲೆಂದು ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಟ್ಟಿರುತ್ತಾರೆ. ಕೆಸರಿನಲ್ಲಿ ಅದು ಹಿಡಿತವಿಲ್ಲದ ಚಕ್ರವನ್ನೇ ಸುತ್ತಿಸುತ್ತದೆ. ಸ್ಪೀಡೋಮೀಟರ್ ತೋರಿಸುವುದು ಎರಡು ಚಕ್ರಗಳ ಸರಾಸರಿ. ಒಂದು ನಿಂತಿದ್ದರೆ ಇನ್ನೊಂದು ಸುತ್ತುವುದು ಅದರ ಎರಡರಷ್ಟು! ಮುಳ್ಳು 80 ತೋರಿಸಿದರೆ ಟೈರಿನ ವೇಗ 160. ಸಿಕ್ಕಿಕೊಂಡ ಗಾಡಿಯಲ್ಲಿ ಮುಳ್ಳನ್ನು 55 ಕಿ.ಮೀ. ದಾಟಿಸಬೇಡಿ ಎಂಬ ಎಚ್ಚರಿಕೆ ಇರುವುದು ಇದರಿಂದಲೇ. ಮೀರಿದರೆ ಟೈರು ಸಿಡಿಯಬಹುದು. ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳಿಗೂ ಈ ಓಟ ಒಗ್ಗದು. ಕಾದು, ಎಣ್ಣೆ ಸಾಲದೆ ಕಚ್ಚಿಕೊಳ್ಳುತ್ತವೆ.

ಅಂಥ ಹೊತ್ತಿನಲ್ಲಿ ನಾಲ್ಕು ಜನ ಹಿಂದೆ ನಿಂತು "ಹಾ, ಐಸಾ" ಎಂದು ತಳ್ಳುತ್ತಿರುತ್ತಾರೆ. ಕಲ್ಲು ಸಿಡಿದರೂ, ಟೈರು ಸಿಡಿದರೂ ಪೆಟ್ಟು ಅವರಿಗೇ. ಎರಡನೇ ಗೇರ್ ಹಾಕಿ, ಆಕ್ಸಿಲರೇಟರ್ ಹಗುರ ಮಾಡಿ, ಚಕ್ರದ ಮುಂದೆ ಗೋಣಿಚೀಲವನ್ನೋ ತೆಂಗಿನ ಗರಿಯನ್ನೋ ಒತ್ತಿಡಿ. ಚಕ್ರದ ನೇರಕ್ಕೆ ಯಾರೂ ನಿಲ್ಲದಿರಲಿ.

ಎಲ್ಲಿ, ಯಾರ ಮುಂದೆ?

ಮಾಲೂರಿನ ಮಗ್ಗುಲಲ್ಲಿ ಈಗ ನುಣುಪಾದ ಎಕ್ಸ್‌ಪ್ರೆಸ್ ರಸ್ತೆ ಹಾದುಹೋಗಿದೆ. ಅಂಥ ರಸ್ತೆ ಕಂಡರೆ ಹುಡುಗರ ಕಾಲು ಸುಮ್ಮನಿರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯನ್ನೂ, 189ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದ ಪಂದ್ಯವನ್ನೂ ಅಪರಾಧವೆನ್ನುತ್ತದೆ. 2019ರ ತಿದ್ದುಪಡಿ ದಂಡ ಹೆಚ್ಚಿಸಿದ್ದಲ್ಲದೆ, ಅಪ್ರಾಪ್ತ ಮಕ್ಕಳು ಮಾಡಿದ ತಪ್ಪಿಗೆ ಪೋಷಕರನ್ನೂ ಹೊಣೆ ಮಾಡಿತು. ಆಸೆಯೇ ಇದ್ದರೆ ಅದಕ್ಕೆ ಜಾಗವೂ ಇದೆ. ಕೋಲಾರ, ಮುಳಬಾಗಿಲು ದಾಟಿ ಚಿತ್ತೂರಿನ ಮೇಲೆ ಚೆನ್ನೈ ಕಡೆ ಹೋದರೆ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈ ಸಿಗುತ್ತದೆ. 1990ರಿಂದ ಅಲ್ಲಿ ಮೋಟಾರು ಓಟದ ಪಥವಿದೆ. ಅಲ್ಲಿ ನೋಡುವವರಿಗೆ ಬೇಲಿಯುಂಟು, ಬೆಂಕಿ ನಂದಿಸುವವರುಂಟು.

ಛತ್ರದ ಮುಂದೆ ಮಾಡುವುದಿಲ್ಲವೆಂದು ಹುಡುಗ ಒಪ್ಪಿದ. ಆದರೆ ಆಸೆ ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಖಾಲಿ ಬಿದ್ದಿದ್ದ ಅವರದೇ ಮಂಡಿಯ ಕಾಂಕ್ರೀಟ್ ಅಂಗಳದಲ್ಲಿ, ಗೇಟು ಹಾಕಿ, ಕಸ ಕಲ್ಲು ಗುಡಿಸಿ, ಎರಡು ಬಕೆಟ್ ಮರಳು ಪಕ್ಕದಲ್ಲಿಟ್ಟು ಮಾಡಿದೆವು. ಅವನ ತಂದೆ ಮತ್ತು ನಾನು ಪಕ್ಕದ ಗೋಡೆಯ ಮರೆಯಲ್ಲಿ ನಿಂತೆವು. ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ನೀರು ಕಾರಂಜಿಯಂತೆ ಎದ್ದಿತು, ಆಮೇಲೆ ಹೊಗೆ. ನಾಲ್ಕು ಸೆಕೆಂಡು, ನಾನೇ ಎಣಿಸಿದೆ. ಹುಡುಗ ಇಳಿದು ಬಂದ, ಮುಖವೆಲ್ಲ ನಗು. ತಂದೆ ಟೈರು ಮುಟ್ಟಿನೋಡಿ, "ಇಷ್ಟಕ್ಕೆ ಒಂದು ವರ್ಷದ ಸಂಬಳವಾ?" ಎಂದರು. ಅವರೂ ನಗುತ್ತಿದ್ದರು.

ನಾನು ಕಾರಿನ ಬಾಗಿಲು ತೆಗೆದು, ಪೆಡಲ್‌ಗಳ ಬಳಿ ಬಗ್ಗಿ ಮೂಸಿದೆ. ಸುಟ್ಟ ರಬ್ಬರಿನ ವಾಸನೆ ಹೊರಗಿನಿಂದ ಬರುತ್ತಿತ್ತು. 1992ರ ಆ ಘಾಟು ಮಾತ್ರ ಇರಲಿಲ್ಲ. ಮಾವ ಇದ್ದಿದ್ದರೆ ಅವರೂ ಮೊದಲು ಅಲ್ಲೇ ಬಗ್ಗುತ್ತಿದ್ದರು.