ನೀರಿನ ಬಿನ್ನಹಗಳು: ಹಾಸನ ಸೀಮೆಯ ಕೆರೆಕಟ್ಟೆಗಳಿಗೆ ರಾಜದ್ರವ್ಯವನ್ನು ಪಡೆಯುವ ಕ್ರಮ

ಕನ್ನಡ ಶಾಸನಗಳನ್ನು ಪಾಠ ಹೇಳುವವರೆಲ್ಲರೂ ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ಒಂದಲ್ಲ ಒಂದು ಸಂದರ್ಭದಲ್ಲಿ ಉದಾಹರಿಸುವರು. ಮಗುವಿಗೆ ಮೊಲೆಯೂಡುತ್ತಿರುವಾಗಲೇ ತಾಯಿಯು ಅದರ ಕಿವಿಯಲ್ಲಿ ಕೆರೆಬಾವಿಗಳನ್ನು ಮಾಡಿಸಬೇಕೆಂದು ಹೇಳಿದಳೆಂಬ ಆ ಪದ್ಯದ ಸೊಗಸು ಅಂಥದು. ಆದರೆ ಕೆರೆಯನ್ನು ಕಟ್ಟಿಸುವುದಕ್ಕೆ ದ್ರವ್ಯವು ಎಲ್ಲಿಂದ ಬರಬೇಕು, ಕಟ್ಟಿದ ಏರಿಯು ಹತ್ತು ವರ್ಷಗಳ ಮೇಲೆ ಒಡೆದರೆ ಅದನ್ನು ಯಾರು ಸರಿಪಡಿಸಬೇಕು ಎಂಬುದನ್ನು ಆ ತಾಯಿಯು ಹೇಳಲಿಲ್ಲ. ಪದ್ಯದಲ್ಲಿ ಹೇಳತಕ್ಕ ವಿಷಯವೂ ಅದಲ್ಲ. ಅದನ್ನು ತಿಳಿಯಬೇಕಾದರೆ ಶಾಸನಗಳ ವೃತ್ತಕಂದಗಳನ್ನು ದಾಟಿ ಅವುಗಳ ಕಡೆಯಲ್ಲಿರುವ ಗದ್ಯಕ್ಕೆ ಬರಬೇಕು. ಸಾಹಿತ್ಯದ ದೃಷ್ಟಿಯಿಂದ ನೀರಸವೆಂದು ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದೇ. ಯಾರು ಯಾರಿಗೆ ಬಿನ್ನಹ ಮಾಡಿದರು, ಯಾವ ಕೆರೆಯ ಕೆಳಗೆ ಎಷ್ಟು ಸಲಗೆ ಗದ್ದೆಯನ್ನು ಬಿಟ್ಟರು, ಅದರ ಎಲ್ಲೆ ಯಾವುದು ಎಂಬ ವಿವರಗಳು ಅಲ್ಲಿಯೇ ಇರುವುವು.

ಈ ಲೇಖನದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪ್ರಾಂತವನ್ನು ಮುಂದಿಟ್ಟುಕೊಂಡು, ನೀರಿನ ಕೆಲಸಗಳಿಗಾಗಿ ಪ್ರಜೆಗಳು ಸರ್ಕಾರವನ್ನು ಕೇಳಿಕೊಳ್ಳುವ ಕ್ರಮವು ಹೇಗೆ ಮಾರ್ಪಟ್ಟಿತೆಂಬುದನ್ನು ವಿವರಿಸಲು ಯತ್ನಿಸಿದೆ. ಈ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಐದನೆಯ ಸಂಪುಟದಲ್ಲಿ ತಾಲ್ಲೂಕುವಾರಾಗಿ ವಿಂಗಡಿಸಿ ಪ್ರಕಟಿಸಿದ್ದರಿಂದ ಈ ವಿಚಾರವನ್ನು ಪರಿಶೀಲಿಸುವುದು ಸುಲಭವಾಗಿದೆ. ಅರಕಲಗೂಡೆಂದೊಡನೆ ಸಾಹಿತ್ಯದ ಉಪಾಧ್ಯಾಯರಿಗೆ ಅ. ನ. ಕೃಷ್ಣರಾಯರ ಹೆಸರಿನ ಮೊದಲನೆಯ ಅಕ್ಷರವು ನೆನಪಿಗೆ ಬರಬಹುದು. ಪ್ರಕೃತ ನಮಗೆ ಬೇಕಾಗಿರುವುದು ಅದರ ನೆಲದ ಇರವು. ತಾಲ್ಲೂಕಿನ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ. ಎರಡು ಹೊಳೆಗಳು ಹರಿಯುತ್ತಿದ್ದರೂ ನಡುವಣ ಎತ್ತರದ ನೆಲಕ್ಕೆ ಅವುಗಳ ನೀರು ತಾನಾಗಿ ಏರದು. ಹೊಳೆಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿ ನಾಲೆಯನ್ನು ತೆಗೆಯಬೇಕು, ಇಲ್ಲವೆ ಮಳೆಯ ನೀರನ್ನು ಕೆರೆಯಲ್ಲಿ ತಡೆಯಬೇಕು. ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಕಟ್ಟಿರುವ ಕೃಷ್ಣರಾಜ ಕಟ್ಟೆ, ಹೊಳೆನರಸೀಪುರದ ಕಡೆ ಹೇಮಾವತಿಗೆ ಕಟ್ಟಿರುವ ಶ್ರೀರಾಮದೇವರ ಕಟ್ಟೆ ಇವು ಮೊದಲನೆಯ ಬಗೆಯವು. ಚನ್ನರಾಯಪಟ್ಟಣದ ಬಯಲಿನಲ್ಲಿ ಎರಡನೆಯ ಬಗೆಯೇ ಹೆಚ್ಚು.

ಮೊದಲು ಶಬ್ದಗಳನ್ನು ನೋಡೋಣ. ಬಿನ್ನಹ ಅಥವಾ ಬಿನ್ನಪವೆಂಬುದು ಸಂಸ್ಕೃತದ ವಿಜ್ಞಾಪನದ ತದ್ಭವ; ತಿಳಿಯಪಡಿಸುವುದೆಂದು ಅದರ ಅರ್ಥ. ಅರಿಕೆಯು ಅಚ್ಚಗನ್ನಡದ ಅರಿ ಎಂಬ ಧಾತುವಿನಿಂದ ಬಂದುದು. ಅದರ ಅರ್ಥವೂ ಅದೇ. ಅನಂತರ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಅರ್ಜಿಯ ಮೂಲಾರ್ಥವು ಮುಂದಿಡುವುದು, ತೋರಿಸುವುದು ಎಂದು. ಅರ್ಜಿಗೆ ಉತ್ತರವಾಗಿ ದೊರೆಯುವ ಮಂಜೂರು ಎಂಬ ಮಾತು ಅದೇ ಅರಬ್ಬಿಯ ನಜರ್ ಎಂಬುದಕ್ಕೆ ಸಂಬಂಧಿಸಿದ್ದು: ನೋಡಲ್ಪಟ್ಟದ್ದು, ಆದ್ದರಿಂದ ಒಪ್ಪಲ್ಪಟ್ಟದ್ದು. ಈ ಮೂರು ಭಾಷೆಗಳಿಂದ ಬಂದ ಮೂರು ಪದಗಳಲ್ಲಿ ಒಂದಾದರೂ ಭಿಕ್ಷೆಯನ್ನು ಸೂಚಿಸುವುದಿಲ್ಲವೆಂಬುದು ಗಮನಾರ್ಹವಾಗಿದೆ. ಬೇಡುವವನು ಒಂದು ಸಂಗತಿಯನ್ನು ಅರುಹುವನು. ಕೊಡುವವನು ಅದನ್ನು ಕಾಣುವನು. ಅರುಹಿದ ಸಂಗತಿ ಸರಿಯಾಗಿರಬೇಕೆಂಬುದು ಈ ವ್ಯವಹಾರದ ತಳಹದಿ.

ಶಾಸನಗಳ ಕಾಲದಲ್ಲಿ ಈ ಬಿನ್ನಹದಿಂದ ದೊರೆಯುತ್ತಿದ್ದುದು ಬಹುಮಟ್ಟಿಗೆ ನಗದು ಹಣವಲ್ಲ. ಗದ್ಯಾಣಗಳನ್ನು ಕೊಟ್ಟ ನಿದರ್ಶನಗಳಿಲ್ಲವೆಂದಲ್ಲ; ಆದರೆ ಕಟ್ಟುಕೊಡಗೆ, ಕೆರೆಕೊಡಗೆ, ಬಿಟ್ಟುವಟ್ಟ, ದಶವಂದ ಎಂಬ ಮಾತುಗಳೇ ಅಲ್ಲಿ ಮತ್ತೆ ಮತ್ತೆ ಕಾಣುವುವು. ಕಟ್ಟುಕೊಡಗೆಯೆಂದರೆ ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಕಾಪಾಡತಕ್ಕವನಿಗೆ ಹಗುರವಾದ ತೆರಿಗೆಯ ಮೇಲೆ ಬಿಡುವ ಭೂಮಿ. ಬಿಟ್ಟುವಟ್ಟವೆಂದರೆ ಆ ಕೆರೆಯ ನೀರಿನಿಂದ ಬೆಳೆಯುವ ನೆಲದಲ್ಲಿ ಅಥವಾ ಬೆಳೆಯಲ್ಲಿ ಬಿಟ್ಟುಕೊಡುವ ಪಾಲು. ದಶವಂದವೆಂಬುದು ಹೆಸರೇ ಹೇಳುವಂತೆ ಹತ್ತರಲ್ಲೊಂದು ಭಾಗ. ಹೂಳೆತ್ತುವ ಬಂಡಿ, ಅದರ ಎತ್ತು, ಅದನ್ನು ಹೊಡೆಯುವ ಆಳು ಇವುಗಳ ನಿರ್ವಾಹಕ್ಕಾಗಿ ಗದ್ದೆಯನ್ನು ಬಿಟ್ಟ ಶಾಸನಗಳೂ ಕನ್ನಡನಾಡಿನಲ್ಲಿ ಇವೆ.

ಈ ಏರ್ಪಾಡಿನ ಯುಕ್ತಿಯನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕು, ಏಕೆಂದರೆ ಇದನ್ನು ಬರಿಯ ದಾನಧರ್ಮವೆಂದು ಎಣಿಸುವುದು ವಾಡಿಕೆಯಾಗಿದೆ. ಅರಸನು ತನ್ನ ಬೊಕ್ಕಸದಿಂದ ಇಂದು ಹಣವನ್ನು ತೆಗೆಯುವುದಿಲ್ಲ; ಕೆರೆಯಾದ ಮೇಲೆ ಹೊಸದಾಗಿ ಬರಬಹುದಾದ ತೆರಿಗೆಯಲ್ಲಿ ಒಂದಂಶವನ್ನು ಬಿಟ್ಟುಕೊಡುತ್ತಾನೆ. ಕೆರೆಯು ತುಂಬದಿದ್ದರೆ ಅವನಿಗೆ ನಷ್ಟವೂ ಇಲ್ಲ. ಕಟ್ಟಿಸುವವನಿಗಾದರೋ ಕೊಡಗೆಯ ಗದ್ದೆಯು ಅದೇ ಕೆರೆಯ ಕೆಳಗೆ ಇರುವುದರಿಂದ, ತೂಬು ಕೆಟ್ಟರೆ, ಕೋಡಿ ಕೊಚ್ಚಿಹೋದರೆ, ಒಣಗುವ ಮೊದಲ ಬೆಳೆಗಳಲ್ಲಿ ಅವನದೂ ಒಂದು. ಸ್ಥಳವನ್ನು ತಪ್ಪಾಗಿ ಆರಿಸಿದವನು ತನ್ನ ತಪ್ಪಿನ ಫಲವನ್ನು ತಾನೇ ಉಣ್ಣುವನು. ಕಟ್ಟುವುದಕ್ಕೆ ಕೊಟ್ಟ ಪ್ರತಿಫಲವೇ ಕಾಪಾಡುವುದಕ್ಕೂ ಕಾರಣವಾಗುವಂತೆ ಇಲ್ಲಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ. ಶಾಸನದ ಕಡೆಯಲ್ಲಿ ಬರುವ ಶಾಪವಾಕ್ಯವನ್ನು, ಎಂದರೆ ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಮಾತನ್ನು, ನಾವು ರೂಢಿಯ ಅಲಂಕಾರವೆಂದು ಓದಿ ಬಿಡುತ್ತೇವೆ. ಮುಂದಣ ಅರಸನು ಬಿಟ್ಟ ತೆರಿಗೆಯನ್ನು ಮತ್ತೆ ಹಾಕಿದರೆ ಕೆರೆಯೇ ಕೆಡುವುದೆಂಬ ಭಯವೂ ಅದರ ಹಿಂದೆ ಇದೆಯೆಂದು ನನ್ನ ಅಭಿಪ್ರಾಯ.

ಕೆಲಸದ ಪ್ರಮಾಣ ದೊಡ್ಡದಾದಾಗ ನಗದು ವೆಚ್ಚವು ಅನಿವಾರ್ಯವಾಗುತ್ತಿತ್ತು. ಇದಕ್ಕೆ ಕಡಪೆಯ ಸೀಮೆಯ ಪೋರುಮಾಮಿಳ್ಳದ ಶಾಸನವನ್ನು ಬಿಟ್ಟು ಬೇರೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು 1369ರಲ್ಲಿ ಬರೆಯಿಸಿದ ಈ ಸಂಸ್ಕೃತ ಶಾಸನದಲ್ಲಿ, ದಿನವೊಂದಕ್ಕೆ ಸಾವಿರ ಆಳುಗಳು ಮತ್ತು ನೂರು ಬಂಡಿಗಳಂತೆ ಎರಡು ವರ್ಷ ಕೆಲಸ ನಡೆಯಿತೆಂದು ಹೇಳಿದೆ. ಅದಕ್ಕಿಂತಲೂ ಬೆಲೆಯುಳ್ಳದ್ದು ಅದು ಕೊಡುವ ಲಕ್ಷಣ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು. ಧರ್ಮಿಷ್ಠನೂ ಧನವಂತನೂ ಆದ ಅರಸ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ಮಣ್ಣಿನ ನೆಲ, ಸಿಹಿನೀರಿನ ಹೊಳೆ, ಬೆಟ್ಟಗಳ ನಡುವೆ ಬಹಳ ಉದ್ದವಲ್ಲದ ಕಲ್ಲಿನ ಕಟ್ಟಡ, ಹತ್ತಿರದಲ್ಲಿ ಕಲ್ಲುಗಣಿ, ಕೆಲಸಬಲ್ಲ ಆಳುಗಳ ಗುಂಪು ಇವೇ ಮೊದಲಾದುವು ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ, ಕೆರೆಯ ನಡುವೆ ಆಮೆಯ ಬೆನ್ನಿನಂತಹ ಉಬ್ಬು, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲ ಕಡಮೆಯಾಗಿರುವುದು ಇವು ದೋಷಗಳು. ಉಳಿದ ಒಂದು ದೋಷವು ಎರಡು ರಾಜ್ಯಗಳ ಗಡಿಯಲ್ಲಿರುವುದು. ಇದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಹೇಮಾವತಿಯ ವಿಷಯದಲ್ಲಿ ಇದು ಬರುವುದು.

ಕಾಲಕ್ರಮದಲ್ಲಿ ಹಳೆಯ ಗಂಟು ಸಡಿಲವಾಯಿತು. ಕೊಡಗೆಯ ಭೂಮಿಗಳು ಮಕ್ಕಳು ಮೊಮ್ಮಕ್ಕಳಲ್ಲಿ ಹಂಚಿಹೋದುವು, ಕೆಲವು ಕ್ರಯವಾದುವು. ಹಕ್ಕು ಉಳಿದು ಹೊಣೆ ಮರೆಯಿತು. ಕಂದಾಯದ ಲೆಕ್ಕಗಳಲ್ಲಿ ಇವು ಕೊಡಗಿ ಇನಾಮುಗಳೆಂಬ ಹೆಸರಿನಲ್ಲಿ ಸೇರಿದುವು. 1831ರಿಂದ 1881ರ ವರೆಗೆ ಮೈಸೂರು ಕಮಿಷನರುಗಳ ಆಡಳಿತದಲ್ಲಿದ್ದಾಗ, 1856ರಲ್ಲಿ ಮರಾಮತ್ತು ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟಿತು. ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ತಕ್ಕ ಸ್ಥಳವನ್ನು ಕಂಡುಹಿಡಿಯಬೇಕಾದರೆ ಜಾಣತನವೇ ಬೇಕಾಗುವಷ್ಟು ಮಟ್ಟಿಗೆ ಹಿಂದಿನವರು ನೆಲವನ್ನು ಬಳಸಿಕೊಂಡಿದ್ದಾರೆಂಬ ಅಭಿಪ್ರಾಯವನ್ನು ಬರೆದರು. ಎಂದರೆ ಆಗಿನ ಪ್ರಶ್ನೆ ಕಟ್ಟುವುದಲ್ಲ, ಕಟ್ಟಿದ್ದನ್ನು ಉಳಿಸಿಕೊಳ್ಳುವುದು. ಅಲ್ಲಿಂದ ಮುಂದೆ ಕೆಲಸವು ಎರಡಾಗಿ ಸೀಳಿತು: ಮಣ್ಣಿನ ಕೆಲಸ ರೈತರದು, ತೂಬು ಕೋಡಿಗಳ ಕಲ್ಲುಗಾರೆಯ ಕೆಲಸ ಸರ್ಕಾರದ್ದು. ಕಾಗದದ ಮೇಲೆ ನ್ಯಾಯವಾಗಿ ಕಾಣುವ ಈ ವಿಭಾಗವು ಊರಿನಲ್ಲಿ ಒಂದು ಕಾಯುವಿಕೆಗೆ ಎಡೆಗೊಡುವಂಥದು. ಗಾರೆಯಾಗಲೆಂದು ರೈತರೂ, ಮಣ್ಣು ಬೀಳಲಿ ಎಂದು ಅಧಿಕಾರಿಗಳೂ ಕಾದರೆ, ನಡುವೆ ಮಳೆಗಾಲ ಬಂದುಹೋಗುವುದು.

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಬಿನ್ನಹಕ್ಕೆ ಒಂದು ಹೊಸ ಪೀಠ ಸಿಕ್ಕಿತು. ಆ ಮೊದಲನೆಯ ಸಭೆಯಲ್ಲಿ 144 ಮಂದಿ ಸದಸ್ಯರಿದ್ದರು. ತಾಲ್ಲೂಕುಗಳಿಂದ ಬಂದವರು ದಸರೆಯ ಕಾಲದಲ್ಲಿ ತಮ್ಮ ಪ್ರಾಂತದ ಕೆರೆ ನಾಲೆಗಳ ಕೊರತೆಗಳನ್ನು ದಿವಾನರ ಎದುರಿನಲ್ಲಿ ಹೇಳಿಕೊಳ್ಳಬಹುದಾಯಿತು. ಸರ್ಕಾರದ ಉತ್ತರವು ನಡವಳಿಕೆಗಳಲ್ಲಿ ಅಚ್ಚಾಗುತ್ತಿತ್ತು. ಶಾಸನದ ಬಿನ್ನಹಕ್ಕೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಶಾಸನದಲ್ಲಿ ಉಳಿದುಬಂದಿರುವುದು ಫಲಿಸಿದ ಬಿನ್ನಹ ಮಾತ್ರ. ಅರಸನು ಒಲ್ಲೆನೆಂದ ಬಿನ್ನಹವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅಚ್ಚಿನ ನಡವಳಿಕೆಯಲ್ಲಾದರೋ ನಿರಾಕರಣೆಗೂ ಸ್ಥಳವುಂಟು. 1911ರ ಕೆರೆ ಪಂಚಾಯಿತಿಯ ರೆಗ್ಯುಲೇಷನ್ನಿನಿಂದ ಅಚ್ಚುಕಟ್ಟಿನ ರೈತರನ್ನೇ ಕೆರೆಯ ಮೇಲ್ವಿಚಾರಣೆಗೆ ಸೇರಿಸಿಕೊಳ್ಳುವ ಯತ್ನವೂ ನಡೆಯಿತು.

ಅದೇ 1911ರಲ್ಲಿ ಕನ್ನಂಬಾಡಿಯ ಕೆಲಸವು ಮೊದಲಾಯಿತು. ಅದರ ದೊಡ್ಡ ಕಥೆ ಇಲ್ಲಿ ಬೇಡ. ಆದರೆ ಬಿನ್ನಹದ ರಚನೆಯ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಗದ್ದೆಗಳ ಕಂದಾಯವೊಂದನ್ನೇ ತೋರಿಸದೆ, ಶಿವನಸಮುದ್ರದಿಂದ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದ ವಿದ್ಯುಚ್ಛಕ್ತಿಯು ವರ್ಷವೆಲ್ಲ ನಿಲ್ಲದಂತೆ ನೀರನ್ನು ಕೂಡಿಡಬಹುದೆಂಬುದನ್ನೂ ತೋರಿಸಿದರು. ಇದರಿಂದ ಯೋಜನೆಯ ಆದಾಯದ ಪಟ್ಟಿಗೆ ಹೊಸದೊಂದು ಬಾಬು ಸೇರಿತು. ನೀರಿನ ಅರ್ಜಿಯಲ್ಲಿ ಪುಣ್ಯದ ಸ್ಥಾನಕ್ಕೆ ಆದಾಯದ ಲೆಕ್ಕ ಬಂದು ಕುಳಿತುದು ಇಲ್ಲಿ ಸ್ಪಷ್ಟವಾಗಿ ಕಾಣುವುದು.

ಇನ್ನು ಹೇಮಾವತಿ. 1892ರ ಮತ್ತು 1924ರ ಒಪ್ಪಂದಗಳ ಪ್ರಕಾರ ಮೈಸೂರು ಸಂಸ್ಥಾನವು ಕಾವೇರಿಯ ಉಪನದಿಗಳ ಮೇಲೆ ಹೊಸ ಜಲಾಶಯಗಳನ್ನು ಕಟ್ಟುವ ವಿಷಯದಲ್ಲಿ ಮದರಾಸಿನ ಹಿತಕ್ಕೆ ಕಟ್ಟುಬಿದ್ದಿತ್ತು. ಪೋರುಮಾಮಿಳ್ಳದ ಶಾಸನವು ಹೇಳಿದ ಗಡಿಯ ದೋಷವು ಇಲ್ಲಿ ವಿಚಿತ್ರ ರೀತಿಯಲ್ಲಿ ಬಾಧಿಸಿತು: ಹೇಮಾವತಿಯು ಗಡಿಯಲ್ಲಿಲ್ಲ, ಆದರೆ ಅದರ ನೀರು ಗಡಿಯನ್ನು ದಾಟುವುದು. ಸ್ವಾತಂತ್ರ್ಯಾನಂತರ ರಾಜ್ಯವು ಹೇಮಾವತಿ, ಹಾರಂಗಿ, ಕಬಿನಿ, ಸುವರ್ಣಾವತಿ ಯೋಜನೆಗಳನ್ನು ಮುಂದಿಟ್ಟಾಗ, ಅಂತರರಾಜ್ಯ ವಿವಾದದ ಕಾರಣದಿಂದ ಯೋಜನಾ ಆಯೋಗದ ಒಪ್ಪಿಗೆ ದೊರೆಯಲಿಲ್ಲ. ಬಿನ್ನಹವು ಫಲಿಸದಿದ್ದರೂ ಕೆಲಸವು ನಿಲ್ಲಲಿಲ್ಲ. ರಾಜ್ಯವು ಯೋಜನೇತರ ವೆಚ್ಚವೆಂದು ತನ್ನ ಸ್ವಂತ ದ್ರವ್ಯದಿಂದಲೇ ಅವನ್ನು ನಡಸಿತು. ಹಾಸನಕ್ಕೆ ಸಮೀಪದಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರಿನ ಬಳಿ, ಹೇಮಾವತಿಯ ಅಣೆಕಟ್ಟು 1979ರಲ್ಲಿ ಮುಗಿಯಿತು; ಅದರ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಹಾರಂಗಿಯ ನಾಲೆಯು ಅರಕಲಗೂಡು ತಾಲ್ಲೂಕಿನ ನೆಲಕ್ಕೂ ನೀರನ್ನು ತರುವುದು. ವಿವಾದವು 1990ರಲ್ಲಿ ನ್ಯಾಯಮಂಡಲಿಗೆ ಹೋಗಿ, 2007ರಲ್ಲಿ ಅಂತಿಮ ತೀರ್ಪಾಗಿ, 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ಗೊತ್ತುಮಾಡಿತು. ಅಣೆಕಟ್ಟು ಮುಗಿದು ಆಗಲೇ ಮೂವತ್ತೊಂಬತ್ತು ವರ್ಷಗಳಾಗಿದ್ದುವು.

ಈಚಿನ ಏರ್ಪಾಡುಗಳಲ್ಲಿ ಎರಡನ್ನು ಹೇಳಿದರೆ ಸಾಕು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರಂಭವಾದ ಕೆರೆಗಳ ಯೋಜನೆಯನ್ನು ಜಲಸಂವರ್ಧನೆ ಯೋಜನಾ ಸಂಘವು ನಡಸಿತು. ಊರಿನವರು ಕೆರೆ ಬಳಕೆದಾರರ ಸಂಘವಾಗಿ ಸೇರಿ, ತಮ್ಮ ವಂತಿಗೆಯನ್ನು ಕೊಟ್ಟು, ಕೆರೆಯ ಅಭಿವೃದ್ಧಿಯ ಯೋಜನೆಯನ್ನು ತಾವೇ ಒಪ್ಪಬೇಕೆಂಬುದು ಅದರ ನಿಯಮ. ಎರಡನೆಯದು 2019ರ ಆಗಸ್ಟ್ 15ರಂದು ಸಾರಿದ ಜಲಜೀವನ ಮಿಷನ್. ಇದು ಗದ್ದೆಯ ನೀರಿನದಲ್ಲ, ಮನೆಯ ಕುಡಿಯುವ ನೀರಿನದು: ತಲೆಯೊಂದಕ್ಕೆ ದಿನಕ್ಕೆ 55 ಲೀಟರು. ಕರ್ನಾಟಕದಲ್ಲಿ ಕೇಂದ್ರ ರಾಜ್ಯಗಳು ವೆಚ್ಚವನ್ನು ಸಮಪಾಲಾಗಿ ಹೊರುವುವು. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯು ಕ್ರಿಯಾಯೋಜನೆಯನ್ನು ಸಿದ್ಧಪಡಿಸಿ ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಸಮಿತಿಯಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕು. ಮನೆಯ ನೀರನ್ನು ಹೊರುವವರು ಯಾರೆಂಬುದನ್ನು ನೋಡಿದರೆ ಈ ನಿಯಮ ಬಹು ತಡವಾಗಿ ಬಂದಿತೆನ್ನಬೇಕು. ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದ ಸ್ತ್ರೀಯರ ಹೆಸರುಗಳುಂಟು. ನೀರು ಹೊತ್ತವರ ಹೆಸರುಗಳನ್ನು ಅಲ್ಲಿ ಹುಡುಕಿ ಫಲವಿಲ್ಲ.

ಈ ಮಿಷನ್ನಿನ ನಿಯಮದಲ್ಲಿ ಊರೊಳಗಿನ ಕೆಲಸದ ಮೂಲಧನದಲ್ಲಿ ನೂರಕ್ಕೆ ಹತ್ತರಷ್ಟನ್ನು ಗ್ರಾಮಸ್ಥರು ಹಣ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ಕೊಡಬೇಕೆಂದಿದೆ. ಗುಡ್ಡಗಾಡಿನ ಮತ್ತು ಪರಿಶಿಷ್ಟ ಜಾತಿ ಪಂಗಡಗಳವರೇ ಹೆಚ್ಚಾಗಿರುವ ಊರುಗಳಲ್ಲಿ ಐದರಷ್ಟು ಸಾಕು. ಕೆಲಸವು ಸರಿಯಾಗಿ ಮುಗಿದರೆ ಹತ್ತರಷ್ಟು ಹಣವನ್ನು ಸಮಿತಿಗೆ ಪ್ರೋತ್ಸಾಹಧನವಾಗಿ ಕೊಟ್ಟು, ಮುಂದೆ ಅಕಸ್ಮಾತ್ತಾಗಿ ಒದಗುವ ದುರಸ್ತಿಗೆ ಇಟ್ಟುಕೊಳ್ಳಬೇಕೆಂದೂ ಗೊತ್ತುಮಾಡಿದೆ. ಹತ್ತರಲ್ಲೊಂದೆಂಬ ಈ ಅಂಕಿಯು ದಶವಂದವನ್ನು ನೆನಪಿಗೆ ತರುವುದಾದರೂ ಎರಡನ್ನೂ ಒಂದೆನ್ನಲಾಗದು. ದಶವಂದವು ವರ್ಷ ವರ್ಷವೂ ಹುಟ್ಟುವ ಉತ್ಪತ್ತಿಯ ಅಂಶ; ಇದು ಒಂದು ಸಲ ಕೂಡಿಬರುವ ಮೊತ್ತ. ಪಂಪು ಸುಟ್ಟಾಗ, ಕೊಳವೆ ಒಡೆದಾಗ ಒಮ್ಮೆ ವೆಚ್ಚವಾದ ನಿಧಿಯನ್ನು ಮತ್ತೆ ತುಂಬಿಸುವುದು ನೀರಿನ ಶುಲ್ಕದ ವಸೂಲಿಯನ್ನೇ ಅವಲಂಬಿಸಿರುವುದು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳಲ್ಲಿ ಬರುವ ಕೊಡಗೆ ಬಿಟ್ಟುವಟ್ಟಗಳನ್ನು ಕೆರೆಯ ಹೆಸರು, ಕಾಲ, ಬಿನ್ನಹ ಮಾಡಿದವರು, ಬಿಟ್ಟ ಭೂಮಿಯ ಅಳತೆ ಎಂಬ ಕ್ರಮದಿಂದ ಪಟ್ಟಿಮಾಡಿ, ಅವುಗಳಲ್ಲಿ ಯಾವ ಕೆರೆಗಳು ಈಗಿನ ಗ್ರಾಮನಕ್ಷೆಗಳಲ್ಲಿ ಉಳಿದಿವೆಯೆಂಬುದನ್ನು ಗುರುತಿಸಬೇಕಾಗಿದೆ. ಆ ತಾಲ್ಲೂಕುಗಳ ಕಾಲೇಜುಗಳಲ್ಲಿ ಶಾಸನವನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಕೆರೆಯೂ ಕಲ್ಲೂ ಎರಡೂ ನಡೆದುಹೋಗುವ ದೂರದಲ್ಲಿರುವುದರಿಂದ, ಈ ಕೆಲಸವನ್ನು ಅವರೇ ಕೈಗೊಳ್ಳಬಹುದು.